ಮುಂಡರಗಿ ಚಿಗವ್ವ ಮತ್ತು ಒಂದು ಸಣ್ಣ ಸ್ಫೋಟ

ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವ ಜನರಲ್ಲಿ ನಾನೂ ಒಬ್ಬಳು. ಮೂರನೆಯ ಸಲ ಜಗ್ಗಿ ನಾಲ್ಕು ಹೆಜ್ಜೆ ಹೋದ ಮೇಲೆ, ಹಾಗೆ ಜಗ್ಗಿದ್ದರಿಂದಲೇ ಸಡಿಲಾಯಿತೇನೋ ಅನ್ನಿಸಿ ತಿರುಗಿ ಬರುತ್ತೇನೆ. ಒಮ್ಮೆ ಹುಬ್ಬಳ್ಳಿಗೆ ಹೊರಟವಳು ಅಣ್ಣಿಗೇರಿಯಲ್ಲಿ ಬಸ್ಸಿಳಿದು, ಎದುರು ದಿಕ್ಕಿನ ಬಸ್ಸು ಹಿಡಿದು ಬೆಟಗೇರಿಗೆ ವಾಪಸು ಬಂದಿದ್ದೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಒಂದೇ ಸಂಶಯಕ್ಕೆ. ಗ್ಯಾಸ್ ಬಂದಾಗಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ದೂರ ವಾಪಸು ಬಂದದ್ದಕ್ಕೆ ಅದು ಉರಿಯುತ್ತಲಾದರೂ ಇರಬಾರದಿತ್ತೇ ಎಂದು ಬೇಸರವಾಯಿತು.

ಇಂಥವಳ ಕೈಗೆ ಎಂಥ ಕೆಲಸ ಬಂದು ಬಿದ್ದಿದೆ ನೋಡಿ: ಆಕಾಶದಲ್ಲಿ ಎಲ್ಲೋ ಒಂದು ಸ್ಫೋಟ ಆಯಿತೋ ಇಲ್ಲವೋ ಎಂದು ಖಾತ್ರಿ ಮಾಡುವುದು.

ಹೊಟ್ಟೆಪಾಡಿಗೆ ನಾನು ಗದಗಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಇದು ಅದರ ಮೇಲಿನ ಹುಚ್ಚು. ಬಹಳ ಬಹಳ ದೂರದಲ್ಲಿ, ಎಂದೋ ಒಂದು ಕಾಲಕ್ಕೆ, ದೊಡ್ಡ ನಕ್ಷತ್ರವೊಂದು ತನ್ನೊಳಗೇ ಕುಸಿಯುತ್ತದೆ. ಇಲ್ಲವೇ ಸತ್ತ ಎರಡು ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಗ ಗಾಮಾ ಕಿರಣಗಳ ಒಂದು ಝಳ ಹೊರಡುತ್ತದೆ. ನಮ್ಮ ಸೂರ್ಯ ಹುಟ್ಟಿದಂದಿನಿಂದ ಆರುವ ತನಕ ಸುರಿಯುವಷ್ಟು ಶಕ್ತಿಯನ್ನು ಅದು, ನಾವು ಹತ್ತು ಎಣಿಸುವುದರೊಳಗೆ ಚೆಲ್ಲಿ ಮುಗಿಸಿರುತ್ತದೆ. ನೆಲದ ಮೇಲೆ ನಿಂತವರಿಗೆ ಇದು ಕಾಣುವುದಿಲ್ಲ. ನಮ್ಮ ಗಾಳಿ ಈ ಕಿರಣಗಳನ್ನು ಕೆಳಗೆ ಬಿಡುವುದಿಲ್ಲ. (ಬಿಟ್ಟಿದ್ದರೆ ನನ್ನ ಚಿಂತೆಗಳ ಸಾಲಿಗೆ ಅದೂ ಒಂದು ಸೇರುತ್ತಿತ್ತು.) ಹಾಗಾಗಿ ಉಪಕರಣಗಳು ಗಾಳಿಯ ಆಚೆ, ಉಪಗ್ರಹಗಳಲ್ಲಿ ಕೂತು ಕಾಯುತ್ತವೆ. ಯಾವ ದಿಕ್ಕಿನಿಂದ, ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಬಂದದ್ದು ಮತ್ತೆ ಬರುವುದಿಲ್ಲ. ತಪ್ಪಿಸಿಕೊಂಡರೆ ತಪ್ಪಿತು.

ನಕ್ಷತ್ರದ ಕೆಲಸವೆಂದರೆ ನಿದ್ದೆಗೆಟ್ಟು ಮಾಡುವುದೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿಳಿದಿದ್ದಾರೆ. ನನ್ನ ಕಣ್ಣ ಕೆಳಗಿನ ಕಪ್ಪಿಗೆ ಅದೇ ಕಾರಣವೆಂದು ಮರ್ಯಾದೆಯನ್ನೂ ಕೊಡುತ್ತಾರೆ. ನಾನು ತಿದ್ದಲು ಹೋಗಿಲ್ಲ. ಖರೆ ಏನೆಂದರೆ, ಉಪಗ್ರಹ ಕಂಡದ್ದು ಅಂಕಿಗಳಾಗಿ ಕೆಳಗೆ ಬಂದು, ಅದನ್ನು ಒಂದು ಕಂಪ್ಯೂಟರ್ ಪ್ರೋಗ್ರಾಂ ಸೋಸಿ, ಅದು ಸೋಸಿ ಎಸೆದದ್ದನ್ನು ನಮ್ಮಂಥ ಕೆಲವರು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ಇನ್ನೊಮ್ಮೆ ನೋಡುತ್ತೇವೆ. ಅಕ್ಕಿಯಲ್ಲಿ ಕಲ್ಲು ಆರಿಸುವುದರ ಉಲ್ಟಾ. ಕಲ್ಲಿನ ರಾಶಿಯಲ್ಲಿ ಅಕ್ಕಿ ಉಳಿದಿದೆಯೋ ಎಂದು ಹುಡುಕುವುದು. ಆರು ವರ್ಷ ಹುಡುಕಿದೆ. ಒಂದೇ ಒಂದು ಕಾಳು ಸಿಕ್ಕಿತು. ಹೆಸರುಕಾಳು ಮೊಳಕೆಗೆ ಕಟ್ಟಿಟ್ಟು ಬಂದು ಕೂತ ಒಂದು ಭಾನುವಾರ ಸಿಕ್ಕಿತು. ಪ್ರೋಗ್ರಾಂ ‘ಬರೀ ಗದ್ದಲ’ ಎಂದು ಎಸೆದ ಅಂಕಿಗಳ ನಡುವೆ, ಹತ್ತು ಎಣಿಸುವಷ್ಟು ಹೊತ್ತಿನ, ಸಣ್ಣದೊಂದು ಉಬ್ಬು.

ಅದನ್ನು ಸ್ಫೋಟಗಳ ಪಟ್ಟಿಗೆ ಸೇರಿಸಿ ಕಳಿಸಿದ್ದೆ. ಅದನ್ನೇ ಪಟ್ಟಿಯಿಂದ ತೆಗೆಯಬೇಕೆಂದು ಈ ಸೋಮವಾರ ಫೋನ್ ಬಂತು.

ಫೋನ್ ಮಾಡಿದವರು ಈ ಕೆಲಸ ನೋಡಿಕೊಳ್ಳುವ ಹಿರಿಯ ವಿಜ್ಞಾನಿ. ಸಂಭಾವಿತರು. ಅವರನ್ನು ನಾನು ಒಮ್ಮೆಯೂ ಎದುರಿಗೆ ಕಂಡಿಲ್ಲ, ಆದರೂ ಅವರ ಫೋನ್ ಬಂದರೆ ಎದ್ದು ನಿಂತೇ ಮಾತಾಡುತ್ತೇನೆ. ಅವರು ಹೇಳಿದ್ದು ಇಷ್ಟು: ನನ್ನ ಉಬ್ಬು, ಇಷ್ಟಾದರೂ ಎತ್ತರವಿರಬೇಕೆಂದು ಪ್ರೋಗ್ರಾಂ ಹಾಕಿಕೊಂಡ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿದೆ. ಬೇರೆ ಯಾವ ಉಪಗ್ರಹವೂ ಅದನ್ನು ಕಂಡಿಲ್ಲ. ಒಂದು ಆ ಹೊತ್ತಿಗೆ ಭೂಮಿಯ ಮರೆಯಲ್ಲಿತ್ತು. ಇನ್ನೊಂದು ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ಹಾಯುತ್ತಿತ್ತು. ಅಲ್ಲಿ ಕಣಗಳ ಕಾಟ ಹೆಚ್ಚಾದ್ದರಿಂದ ಉಪಕರಣವನ್ನು ಬಂದ್ ಮಾಡಿಡುತ್ತಾರೆ. ಸಾಕ್ಷಿ ಹೇಳಬೇಕಾದವರಿಬ್ಬರೂ ಊರಲ್ಲಿರಲಿಲ್ಲ ಅಂದ ಹಾಗಾಯಿತು. ಹಾಗಾಗಿ ಶುಕ್ರವಾರ ನಾಲ್ಕು ಗಂಟೆಯೊಳಗೆ ನಾನೇ ಬರೆದು ಹಿಂತೆಗೆದುಕೊಳ್ಳಬೇಕು.

“ಮೇಡಂ, ನೀವೇ ವಾಪಸ್ ತಗೊಂಡ್ರೆ ಗೌರವವಾಗಿರುತ್ತೆ. ಹಟ ಮಾಡಿ, ಆಮೇಲೆ ಅದು ಸುಳ್ಳು ಅಂತ ಆದ್ರೆ, ನಿಮ್ಮನ್ನ ಈ ಕೆಲಸದಲ್ಲಿ ಇಟ್ಕೊಳ್ಳೋದು ನನಗೇ ಕಷ್ಟ ಆಗುತ್ತೆ.”

ನಾನು ನಿಂತಲ್ಲೇ ಆಯ್ತು ಸರ್ ಎಂದೆ. ಆಯ್ತು ಅನ್ನುವುದು ನನಗೆ ಕೆಮ್ಮು ಇದ್ದ ಹಾಗೆ, ತಡೆಯಲು ಬರುವುದಿಲ್ಲ. ಫೋನ್ ಇಟ್ಟ ಮೇಲೆ ಎದೆಯಲ್ಲಿ ಏನೋ ಒಂದು ಹೊರಳಿತು. ಅಜೀರ್ಣವಿರಬೇಕೆಂದು ಜೀರಿಗೆ ನೀರು ಕುಡಿದೆ. ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ತಿಳಿಯಿತು, ಅದು ಸಿಟ್ಟು.

ಸಿಟ್ಟು ಬಂದಾಗ ನನಗೆ ಮುಂಡರಗಿ ಚಿಗವ್ವ ನೆನಪಾಗುತ್ತಾಳೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು, ನಿಮಗೇನೂ ಅವಸರವಿಲ್ಲವಷ್ಟೇ.

ಈ ಸ್ಫೋಟಗಳನ್ನು ಮೊದಲು ಕಂಡದ್ದು ಕಾವಲುಗಾರ ಉಪಗ್ರಹಗಳು. ಯಾರಾದರೂ ಕದ್ದು ಅಣುಬಾಂಬಿನ ಪರೀಕ್ಷೆ ನಡೆಸುತ್ತಾರೇನೋ ಎಂದು ಕಣ್ಣಿಡಲು ಹಾರಿಸಿದಂಥವು. ಬಾಂಬು ಸಿಗಲಿಲ್ಲ, ಆಕಾಶದ ಆಳದಿಂದ ಬಂದ ಝಳ ಸಿಕ್ಕಿತು. ಇದನ್ನು ಅವ್ವನಿಗೆ ಹೇಳಿದಾಗ ಅವಳು ಬೆಳ್ಳುಳ್ಳಿ ಸುಲಿಯುತ್ತ, ಕಳ್ಳನ್ನ ಕಾಯಾಕ ಕುಂತವರಿಗೆ ಗುಡಿಯೊಳಗಿನ ದೀಪ ಕಂಡಂಗಾತು ಬಿಡು ಎಂದಿದ್ದಳು. ಹೀಗೆ ಕಂಡ ಝಳ ಯಾವ ದಿಕ್ಕಿನದು ಎಂದು ಪತ್ತೆ ಹಚ್ಚಲು ಒಂದು ಉಪಾಯವಿದೆ. ದೂರ ದೂರ ಇರುವ ಮೂರು ಉಪಗ್ರಹಗಳಿಗೆ ಅದು ಒಂದೇ ಗಳಿಗೆಯಲ್ಲಿ ತಾಗುವುದಿಲ್ಲ. ಯಾರಿಗೆ ಮೊದಲು ತಾಗಿತು, ಯಾರಿಗೆ ಎಷ್ಟು ತಡವಾಗಿ ಎಂದು ನೋಡಿ ಎಲ್ಲಿಂದ ಬಂತೆಂದು ಕಂಡುಹಿಡಿಯುತ್ತಾರೆ. ಎಂ.ಎಸ್ಸಿ. ಓದುವಾಗ ಮಾಸ್ತರರು ಇದನ್ನು ಬೋರ್ಡಿನ ತುಂಬ ಗೆರೆ ಹಾಕಿ ವಿವರಿಸುತ್ತಿದ್ದರೆ ನನಗೆ ನಗು ಬಂದಿತ್ತು. ನಮ್ಮವ್ವ ಇದನ್ನು ಬೆಟಗೇರಿಯ ಒಲೆಯ ಮುಂದೆ ಕೂತು, ಗೆರೆ ಹಾಕದೆ ಮಾಡುತ್ತಿದ್ದಳು.

ಅವ್ವನಿಗೆ ಮೂವರು ಒಡಹುಟ್ಟಿದವರು. ಅಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು, ಅವಳು ನಮಗೆ ದೊಡ್ಡವ್ವ. ತಂಗಿಯರಲ್ಲಿ ಒಬ್ಬಳು ಶಿರಹಟ್ಟಿ ಚಿಗವ್ವ, ಇನ್ನೊಬ್ಬಳು ಮುಂಡರಗಿ ಚಿಗವ್ವ. ನಮ್ಮ ಓಣಿಯಲ್ಲಿ ಫೋನ್ ಇದ್ದದ್ದು ಮೂಲೆಯ ಕಿರಾಣಿ ಅಂಗಡಿಯಲ್ಲಿ ಒಂದೇ. ಉಳಿದಂತೆ ಸುದ್ದಿ ಓಡಾಡುತ್ತಿದ್ದದ್ದು ಬಸ್ಸುಗಳಲ್ಲಿ, ಕಂಡಕ್ಟರರ ಬಾಯಲ್ಲಿ. ನಿಶ್ಚಯವಾದ ಮದುವೆ ಮುರಿಯಿತು ಎಂಬ ಖಬರು ಲಕ್ಷ್ಮೇಶ್ವರಕ್ಕೆ ಮುಂಜಾನೆ, ಶಿರಹಟ್ಟಿಗೆ ಮಧ್ಯಾಹ್ನ, ಮುಂಡರಗಿಗೆ ಮರುದಿನ ಮುಟ್ಟಿದರೆ ಅವ್ವ, ಇದು ಗಂಡಿನ ಮನಿಯವರು ಎಬ್ಬಿಸಿದ ಮಾತು, ಅವರ ಬೀಗರು ಲಕ್ಷ್ಮೇಶ್ವರದಾಗ ಅದಾರ ಎಂದು ಥಟ್ಟನೆ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ.

ಅದಕ್ಕಿಂತ ಹೆಚ್ಚಿನ ವಿದ್ಯೆ ಇನ್ನೊಂದಿತ್ತು. ಯಾರು ಹೇಗೆ ತಪ್ಪು ಹೇಳುತ್ತಾರೆಂಬುದು ಅವ್ವನಿಗೆ ಬಾಯಿಪಾಠ. ದೊಡ್ಡವ್ವ ಪೂರಾ ಖಾತ್ರಿಯಾಗದೆ ಬಾಯಿ ಬಿಡುವವಳಲ್ಲ. ಹಾಗಾಗಿ ಅವಳು ಹೇಳಿದ್ದು ಖರೆ ಇರುತ್ತಿತ್ತು, ಆದರೆ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತಿತ್ತು. ಶಿರಹಟ್ಟಿ ಚಿಗವ್ವ ಅರ್ಧ ಮರೆತು ಅರ್ಧ ಹೇಳುವವಳು. ಅವಳ ಸುದ್ದಿಗೆ ಅವ್ವ ಅರ್ಧ ಸೇರಿಸಿಕೊಳ್ಳುತ್ತಿದ್ದಳು. ಮುಂಡರಗಿ ಚಿಗವ್ವನ ಮಾತೇ ಬೇರೆ. ಒಂದು ಸಲ ತುಂಗಭದ್ರೆ ಮುಂಡರಗಿ ಬಜಾರಿಗೆ ನುಗ್ಗಿದ್ದಾಳೆ ಎಂದು ಹೇಳಿ ಕಳಿಸಿದ್ದಳು. ಅಪ್ಪ ಗಾಬರಿಯಾಗಿ ಓಡಿದರೆ, ಬಸ್ ಸ್ಟ್ಯಾಂಡ್ ಹತ್ತಿರ ಕುಡಿಯುವ ನೀರಿನ ಪೈಪು ಒಡೆದಿತ್ತು. ಹೊಳೆ ಇರುವುದು ಊರಿನಿಂದ ಎಷ್ಟೋ ಮೈಲಿ ಆಚೆ. ಚಿಗವ್ವನಿಗೆ ಅದು ಅಡ್ಡಿಯಾಗಿರಲಿಲ್ಲ. ಅವಳು ಬೇಕೆಂದು ಸುಳ್ಳು ಹೇಳುವವಳಲ್ಲ, ಅವಳಿಗೆ ಎಲ್ಲವೂ ಹಾಗೆಯೇ ಕಾಣುತ್ತಿತ್ತು ಅಷ್ಟೆ.

ಈಗ ನನ್ನ ಪಿಯುಸಿ ರಿಸಲ್ಟಿಗೆ ಬರೋಣ.

ಆಗ ಪಾಸಾದವರ ನಂಬರು ಪೇಪರಿನಲ್ಲಿ ಬರುತ್ತಿತ್ತು. ಇರುವೆ ಸಾಲಿನಂಥ ಅಂಕಿಗಳು, ಫಸ್ಟ್ ಕ್ಲಾಸಿನವು ಒಂದು ಕಡೆ, ಸೆಕೆಂಡ್ ಕ್ಲಾಸಿನವು ಒಂದು ಕಡೆ. ನಮ್ಮ ಅಪ್ಪ ಕನ್ನಡ ಶಾಲೆಯ ಮಾಸ್ತರ. ಚಾಳೀಸು ಹಾಕಿಕೊಂಡು, ನಂಬರಿನ ಸಾಲಿನ ಕೆಳಗೆ ಫೂಟ್‌ಪಟ್ಟಿ ಇಟ್ಟು, ಒಂದೊಂದೇ ಸಾಲು ಸರಿಸುತ್ತ ಹೋದರು. ನನ್ನ ನಂಬರಿನ ಹಿಂದಿನೆರಡು ಇದ್ದವು, ಮುಂದಿನ ಎರಡನೆಯದು ಇತ್ತು. ನನ್ನದು ಇರಲಿಲ್ಲ. ಫೂಟ್‌ಪಟ್ಟಿ ಮೂರು ಸಲ ಮೇಲಿಂದ ಕೆಳಗೆ ಇಳಿಯಿತು. (ಮೂರು ಸಲ ನೋಡುವ ಚಟ ನನಗೆ ಯಾರಿಂದ ಬಂತೆಂದು ಈಗ ಗೊತ್ತಾಯಿತಲ್ಲ.) ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ಬರುತ್ತಿದ್ದದ್ದು ಅದೇ ಪೇಪರು. ಅಲ್ಲಿಂದಲೂ ಇಲ್ಲವೆಂದೇ ಹೇಳಿ ಕಳಿಸಿದರು.

“ಅಚ್ಚಾಗಿ ಬಂದೈತಿ. ಅಚ್ಚಿನ್ಯಾಗ ಇಲ್ಲಂದ್ರ ಇಲ್ಲ,” ಎಂದು ಅಪ್ಪ ಚಾಳೀಸು ತೆಗೆದಿಟ್ಟರು. ಅಚ್ಚಿಗೆ ಅವರು ದೇವರಿಗಿಂತ ಒಂದು ನಮಸ್ಕಾರ ಹೆಚ್ಚೇ ಹಾಕುತ್ತಿದ್ದರು. ಮತ್ತೆ ಪರೀಕ್ಷೆಗೆ ಕೂರಲು ಫಾರ್ಮು ಯಾವಾಗ ಬರುತ್ತದೆ ಎಂದು ಕೇಳಿಕೊಂಡು ಬರಲು ಹೊರಟೂ ಬಿಟ್ಟರು. ನಾನು ಜೋಳದ ಚೀಲಗಳ ಹಿಂದೆ ಹೋಗಿ ಕೂತೆ. ಪಕ್ಕದ ಮನೆಯ ಮಗ್ಗ ಖಟ್ ಖಟ್ ಅನ್ನುತ್ತಿತ್ತು. ಪ್ರತಿ ಖಟ್ಟಿಗೂ ಒಂದು ಚಿಂತೆ: ಓಣಿಯವರು ಏನಂದಾರು, ಗೆಳತಿಯರು ಏನಂದಾರು, ಚೀಲದಲ್ಲಿ ಹುಳ ಇದ್ದಾವೋ ಏನೋ.

ಮಧ್ಯಾಹ್ನ ಕಿರಾಣಿ ಅಂಗಡಿಗೆ ಮುಂಡರಗಿಯಿಂದ ಫೋನ್ ಬಂತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿದಳು, ಹಿಂದೆ ನಾನು. ಚಿಗವ್ವನ ಮನೆಗೆ ಬೇರೆ ಪೇಪರು ಬರುತ್ತಿತ್ತು. ಅದರಲ್ಲಿ ನನ್ನ ನಂಬರು ಇದೆಯಂತೆ, ಸೆಕೆಂಡ್ ಕ್ಲಾಸಿನ ಸಾಲಿನಲ್ಲಿ, ಕೆಳಗಿನಿಂದ ಮೂರನೆಯ ಗೆರೆಗೆ. ಅವ್ವ, ನನ್ನ ನಂಬರಿನ ಹಿಂದೆ ಯಾವುದೈತಿ, ಮುಂದ ಯಾವುದೈತಿ ಎಂದಷ್ಟೇ ಕೇಳಿ ಫೋನ್ ಇಟ್ಟಳು. ಸೀದಾ ಮನೆಗೆ ಬಂದು ಒಲೆಯ ಮೇಲೆ ಬಾಣಲೆ ಏರಿಸಿದಳು.

ಓಣಿಗೆಲ್ಲ ಮಿರ್ಚಿ ಭಜಿ ಹಂಚುವ ವಿಚಾರ ಅವಳದು. ಅಪ್ಪ ಬಂದು ನೋಡಿ ದಂಗಾದರು. ಮೂರು ಊರಿನಲ್ಲಿ ಇಲ್ಲದ ನಂಬರು ಮುಂಡರಗಿ ಒಂದರಲ್ಲೇ ಇದೆಯೆಂದರೆ, ಅದೂ ಪೈಪು ಒಡೆದರೆ ಹೊಳೆ ಬಂತೆನ್ನುವವಳ ಬಾಯಿಂದ, ಯಾರು ನಂಬುತ್ತಾರೆ? ಮಾರ್ಕ್ಸ್ ಕಾರ್ಡ್ ಬರಲಿ, ಆಮೇಲೆ ಕರಿ, ನಾಳೆ ಸುಳ್ಳಾದರೆ ತಿಂದವರೇ ನಗುತ್ತಾರೆ ಎಂದು ತಿಳಿಸಿ ಹೇಳಿದರು. ಅವ್ವ ಮೆಣಸಿನಕಾಯಿ ಸೀಳುತ್ತಿದ್ದವಳು ತಲೆ ಎತ್ತಲಿಲ್ಲ.

“ಸುಳ್ಳು ಹೇಳೋದಿದ್ರ ಆಕಿ ಸೆಕೆಂಡ್ ಕ್ಲಾಸ್ ಅಂತಿದ್ದಿಲ್ಲರಿ. ರಾಜ್ಯಕ್ಕ ಮೊದಲು ಬಂದಾಳ ಅಂತಿದ್ಲು. ಆಕಿ ಸುಳ್ಳು ಯಾವತ್ತಿದ್ರೂ ದೊಡ್ಡದಿರತೈತಿ. ಇದು ಸಣ್ಣದೈತಿ. ಅದಕ್ಕ ಖರೆ.”

ಓಣಿಯವರು ಮಿರ್ಚಿ ತಿಂದರು, ಅಭಿನಂದನೆ ಹೇಳಬೇಕೋ ಸಮಾಧಾನ ಹೇಳಬೇಕೋ ತಿಳಿಯದ ಮುಖ ಮಾಡಿಕೊಂಡು. ನಾನು ಮಾತ್ರ ತಿನ್ನಲಿಲ್ಲ. ಮೂರು ದಿನದ ಮೇಲೆ ಕಾಲೇಜಿನ ಬೋರ್ಡಿನಲ್ಲಿ ಪಟ್ಟಿ ಹಚ್ಚಿದರು. ನನ್ನ ನಂಬರು ಇತ್ತು, ಸೆಕೆಂಡ್ ಕ್ಲಾಸ್. ನಮ್ಮ ಪೇಪರಿನವರು ಅಚ್ಚು ಜೋಡಿಸುವಾಗ ಎರಡು ನಂಬರು ಬಿಟ್ಟುಬಿಟ್ಟಿದ್ದರು, ಅಷ್ಟೇ. ಅಪ್ಪ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು, ಮಿರ್ಚಿ ಏನರ ಉಳದಾವೇನು ಎಂದು ಕೇಳಿದರು. ಮೂರು ದಿನದ ಹಿಂದಿನವು ಎಂದು ಅವ್ವ ನೆನಪು ಮಾಡಿಕೊಟ್ಟಳು.

ಇಷ್ಟು ಸುತ್ತಿ ಬಂದದ್ದು ಯಾಕೆಂದರೆ, ಈ ವಾರ ನಾನು ಮತ್ತೆ ಜೋಳದ ಚೀಲಗಳ ಹಿಂದೆ ಕೂತಿದ್ದೆ. ಈಗ ಚೀಲಗಳಿಲ್ಲ, ಸ್ಟಾಫ್ ರೂಮಿನ ಕಪಾಟು ಇದೆ. ಅದರ ಹಿಂದೆ ಕೂತು ಮಂಗಳವಾರ ಹಿಂತೆಗೆದುಕೊಳ್ಳುವ ಪತ್ರ ಬರೆದೆ. ಬುಧವಾರ ಅದನ್ನು ಇನ್ನಷ್ಟು ವಿನಯವಾಗಿ ಬರೆದೆ. ಪ್ರಿನ್ಸಿಪಾಲರು ಬಂದು, ಎಂದೋ ಸತ್ತ ನಕ್ಷತ್ರಕ್ಕೆ ಈಗ ಯಾಕಿಷ್ಟು ಮುಖ ಸಣ್ಣ ಮಾಡೀರಿ ಎಂದು ನಕ್ಕು ಹೋದರು. ಕಳಿಸುವ ಗುಂಡಿ ಒತ್ತಬೇಕು, ಬೆರಳು ಇಳಿಯದು. ಮೂರು ಸಲ ನೋಡುವವಳಲ್ಲವೇ, ಮತ್ತೆ ಆ ಉಬ್ಬನ್ನೇ ತೆಗೆದು ನೋಡುವುದು, ಮುಚ್ಚುವುದು. ಆ ಗಳಿಗೆಯಲ್ಲಿ ಸೂರ್ಯ ಏನಾದರೂ ಸಿಡಿದಿದ್ದನೇ? ಇಲ್ಲ, ತಣ್ಣಗಿದ್ದ. ಉಪಗ್ರಹಕ್ಕೆ ಯಾವುದೋ ಕಣ ಬಡಿದಿತ್ತೇ? ಅದಾದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಹತ್ತು ಎಣಿಸುವ ತನಕ ಇರುವುದಿಲ್ಲ. ಇದೆಲ್ಲ ಸರ್‌ಗೂ ಗೊತ್ತು. ಆದರೂ ಒಬ್ಬರೇ ಕಂಡದ್ದು, ಗೆರೆಗಿಂತ ಕೆಳಗಿನದು. ಅಚ್ಚಿನಲ್ಲಿ ಇಲ್ಲಂದರೆ ಇಲ್ಲ.

ಗುರುವಾರ ಸಂಜೆ ಅವ್ವ ನನ್ನ ಸಪ್ಪೆ ಮುಖ ನೋಡಿ ನೋಡಿ ಸಾಕಾಗಿ ಏನಾತು ಎಂದು ಕೇಳಿದಳು. ಹೇಳಿದೆ. ಅವಳಿಗೆ ಈಗ ಕಿವಿ ಸ್ವಲ್ಪ ಮಂದ, ಬುದ್ಧಿಯಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

“ಆ ನಿಮ್ಮ ಯಂತ್ರ ಸುಳ್ಳು ಹೇಳೂ ಮುಂದ ಹೆಂಗ ಹೇಳತೈತಿ? ದೊಡ್ಡದ ಹೇಳತೈತೋ, ಸಣ್ಣದೋ?”

ನಾನು ಚಹಾದ ಲೋಟ ಹಾಗೇ ಕೆಳಗಿಟ್ಟೆ.

ನಮ್ಮ ಉಪಕರಣಕ್ಕೆ ನಾಲ್ಕು ಖಾನೆಗಳಿವೆ, ಸಾಸಿವೆ ಡಬ್ಬಿಯ ಖಾನೆಗಳ ಹಾಗೆ. ಒಂದೊಂದೂ ತನ್ನ ಪಾಡಿಗೆ ತಾನು ಎಣಿಸುತ್ತದೆ. ಆರು ವರ್ಷದಿಂದ ನಾನು ನೋಡಿ ಎಸೆದ ಗದ್ದಲವೆಲ್ಲ ನನ್ನ ಹತ್ತಿರವೇ ಇತ್ತು. ಎಸೆದದ್ದನ್ನೂ ಎತ್ತಿಡುವವಳು ನಾನು, ನಾಳೆ ಯಾರಾದರೂ ಕೇಳಿದರೆ ಎಂಬ ಭಯಕ್ಕೆ. ಒಂದೊಂದಾಗಿ ತೆಗೆದೆ. ಉಪಕರಣ ಸುಳ್ಳು ಹೇಳಿದಾಗಲೆಲ್ಲ ಯಾವುದೋ ಒಂದೇ ಖಾನೆಯಲ್ಲಿ ಹೇಳಿತ್ತು, ಗೋಪುರದಷ್ಟು ಎತ್ತರವಾಗಿ ಹೇಳಿತ್ತು. ಉಳಿದ ಮೂರು ಖಾನೆಗಳು ಆಗ ಗಪ್ಪು. ಎಲ್ಲವೂ ಪೈಪು ಒಡೆದು ಬಂದ ತುಂಗಭದ್ರೆಗಳು. ನನ್ನ ಉಬ್ಬು ನಾಲ್ಕೂ ಖಾನೆಯಲ್ಲಿತ್ತು. ಒಂದೇ ಗಳಿಗೆಯಲ್ಲಿ ಎದ್ದು ಒಂದೇ ಗಳಿಗೆಯಲ್ಲಿ ಇಳಿದಿತ್ತು. ನಾಲ್ಕರಲ್ಲೂ ಸಣ್ಣದಾಗಿತ್ತು.

ಈ ಉಪಕರಣ ಸಣ್ಣ ಸುಳ್ಳು ಹೇಳಿದ್ದು ಆರು ವರ್ಷದಲ್ಲಿ ನಾನು ಕಂಡೇ ಇಲ್ಲ.

ಇವತ್ತು ಶುಕ್ರವಾರ. ಮುಂಜಾನೆ ಕಪಾಟಿನ ಹಿಂದೆ ಹೋಗಲಿಲ್ಲ, ಕಿಟಕಿಯ ಹತ್ತಿರ ಎಲ್ಲರಿಗೂ ಕಾಣುವಂತೆ ಕೂತು ಬರೆದೆ. ಹಿಂತೆಗೆದುಕೊಳ್ಳುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ. ಆರು ವರ್ಷದ ಗದ್ದಲದ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಕೊನೆಗೆ ನನ್ನದನ್ನು ಇಟ್ಟೆ. ನಿಮ್ಮ ಗೆರೆ ಎತ್ತರವನ್ನು ಅಳೆಯುತ್ತದೆ, ನಡತೆಯನ್ನಲ್ಲ. ಬೇರೆಯವರು ಕಾಣಲಿಲ್ಲ ಎಂಬುದು ಅವರು ಎಲ್ಲಿದ್ದರು ಎಂಬುದನ್ನು ಹೇಳುತ್ತದೆಯೇ ಹೊರತು ಇದು ನಡೆಯಲಿಲ್ಲ ಎಂದಲ್ಲ. ತೆಗೆಯುವುದಾದರೆ ನೀವೇ ತೆಗೆಯಿರಿ, ನನ್ನ ಕೈಯಿಂದ ಅದು ಆಗುವುದಿಲ್ಲ. ನನ್ನನ್ನು ತೆಗೆದರೂ ಅಂಕಿಗಳು ಎಲ್ಲರಿಗೂ ತೆರೆದಿವೆ, ಭಾನುವಾರಗಳೂ ನನ್ನವೇ ಇವೆ ಎಂದು ಬರೆದೆ. ಕೊನೆಯ ವಾಕ್ಯ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಅಳಿಸಲಿಲ್ಲ. ಒಂದೇ ಸಲ ಓದಿ ಕಳಿಸಿದೆ. ಒಂದೇ ಸಲ, ಗಮನಿಸಿ.

ಕಳಿಸಿದ ಮೇಲೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ಕೆಲಸ ಹೋದರೆ ಭಾನುವಾರ ಮಧ್ಯಾಹ್ನ ಬರೀ ಹೆಸರುಕಾಳಿನ ಮುಖ ನೋಡಿಕೊಂಡು ಕೂರಬೇಕಾದೀತು. ಆದರೂ ಯಾವ ನಕ್ಷತ್ರವೋ ಏನೋ, ಭೂಮಿ ಇನ್ನೂ ಇಲ್ಲದಿದ್ದಾಗ ಹೊರಟ ಮಾತು. ಅಷ್ಟು ದೂರ ಸವೆದು, ಸಾಕ್ಷಿಗಳು ಮರೆಯಲ್ಲಿದ್ದ ಹೊತ್ತು ನೋಡಿ, ನಾಲ್ಕೇ ಖಾನೆಗಳಿಗೆ ಸಣ್ಣಗೆ ತಾಗಿ ಹೋಗಿದೆ. ಅದು ಬಂದಿತ್ತು ಎಂದು ಹೇಳಲು ಬೆಟಗೇರಿಯ ಒಬ್ಬ ಅಂಜುಬುರುಕಿ ಬಿಟ್ಟರೆ ಇನ್ಯಾರೂ ಇಲ್ಲ. ನಾನೂ ಬಂದಿಲ್ಲ ಎಂದುಬಿಟ್ಟರೆ?

ಕಾಲೇಜಿನಿಂದ ಬರುವಾಗ ದಪ್ಪ ಮೆಣಸಿನಕಾಯಿ ತಂದೆ. ಈಗ ಐದು ಗಂಟೆ. ನಾಲ್ಕರ ಗಡುವು ದಾಟಿದೆ, ಉತ್ತರ ಬಂದಿಲ್ಲ. ಅವ್ವ ಮೆಣಸಿನಕಾಯಿ ಸೀಳುತ್ತಿದ್ದಾಳೆ, ನಾನು ಹಿಟ್ಟು ಕಲಸಿ ಎಣ್ಣೆ ಕಾಯಲು ಇಟ್ಟಿದ್ದೇನೆ. ಓಣಿಗೆ ಹಂಚುವಷ್ಟು ಮಾಡುವುದೆಂದು ನಿಶ್ಚಯವಾಗಿದೆ. ಏನು ವಿಶೇಷ ಎಂದು ಕೇಳಿದವರಿಗೆ ಏನು ಹೇಳುವುದೆಂದು ಇನ್ನೂ ತಿಳಿದಿಲ್ಲ.

ಅಷ್ಟರಲ್ಲಿ ಮುಂಡರಗಿಯಿಂದ ಫೋನ್. ಅವ್ವ ಬೆಳಿಗ್ಗೆಯೇ ಸುದ್ದಿ ಮುಟ್ಟಿಸಿದ್ದಳಂತೆ. ಚಿಗವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ, ಎಲ್ಲವೂ ದೊಡ್ಡದಾಗಿ ಕಾಣುವುದು ಮಾತ್ರ ಏನೂ ಕಡಿಮೆಯಾಗಿಲ್ಲ. ನನ್ನ ನಕ್ಷತ್ರ ಒಡೆದ ಸುದ್ದಿ ಅವಳ ಓಣಿಯನ್ನೆಲ್ಲ ಒಂದು ಸುತ್ತು ಹಾಕಿ ಬಂದಿರುವುದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

“ಏನಬೇ, ಇಲ್ಲಿತನ ಒಡದದ್ದರಾಗ ಎಲ್ಲಾಕಿಂತ ದೊಡ್ಡದು ನಿಂದ ಅಂತಲ್ಲ? ಫಸ್ಟ್ ಕ್ಲಾಸ್ ಹೌದಲ್ಲೋ?”

ಎಣ್ಣೆಗೆ ಮೊದಲನೆಯ ಮಿರ್ಚಿ ಬಿಟ್ಟೆ. ಅದು ಚುರ್ ಎಂದಿತು.

“ಇಲ್ಲ ಚಿಗವ್ವಾ,” ಎಂದೆ. “ಸೆಕೆಂಡ್ ಕ್ಲಾಸ್. ಅದಕ್ಕ ಖರೆ.”